ಮೂಕಿ ಭಾರ, ಹಿಂಭಾರ

ಹೊಗೇನಕಲ್ಲಿನಲ್ಲಿ ಬೆಳಗಿನ ಎಂಟು ಗಂಟೆ. ಮೀನು ಹುರಿಯುವವರ ಬಾಣಲೆ ಇನ್ನೂ ಕಾದಿಲ್ಲ. ಎಣ್ಣೆ ಮಸಾಜಿನವರು ಬಂಡೆಯ ಮೇಲೆ ಕೂತು, ಹೆಗಲ ಟವೆಲ್ಲಿನಿಂದ ನೊಣ ಓಡಿಸುತ್ತ ಗಿರಾಕಿಗೆ ಕಾಯುತ್ತಿದ್ದಾರೆ. ಕಾವೇರಿ ಮೇ ತಿಂಗಳ ಕಾವೇರಿ. ಬಂಡೆಗಳ ಸಂದಿನಲ್ಲಿ ಹಸಿರಾಗಿ, ಮೆಲ್ಲಗೆ ಹರಿಯುತ್ತಿದೆ. ದಡದಲ್ಲಿ ಬೋರಲು ಹಾಕಿದ ತೆಪ್ಪಗಳು ಬಿಸಿಲಿಗೆ ಬೆನ್ನು ಕೊಟ್ಟ ಆಮೆಗಳಂತೆ ಬಿದ್ದಿವೆ. ತಮಿಳಿನಲ್ಲಿ ಪರಿಸಲ್, ನಮಗೆ ತೆಪ್ಪ. ಆಚೆ ದಡ ಚಾಮರಾಜನಗರ ಜಿಲ್ಲೆ, ಈಚೆ ದಡ ಧರ್ಮಪುರಿ. ತೆಪ್ಪದವನ ಬಾಯಲ್ಲಿ ಎರಡು ದಡವೂ ಇದೆ.

ಅವನು ನಮ್ಮ ಮುಖ ನೋಡಲಿಲ್ಲ. ಹೆಗಲು, ಹೊಟ್ಟೆ, ಸೊಂಟ ನೋಡಿದ, ಸಂತೆಯಲ್ಲಿ ದಲ್ಲಾಳಿ ಎತ್ತು ನೋಡುವ ಹಾಗೆ. ನೋಡಿ ಮುಗಿಸಲು ಎರಡು ಉಸಿರು ಬೇಕಾಗಲಿಲ್ಲ.

“ಸಾರ್, ನೀವು ನನ್ ಎದುರ್ಗೆ ಬನ್ನಿ. ಅಮ್ಮಾ, ನೀವು ಈ ಪಕ್ಕ ಕೂತ್ಕಳಿ. ಪಾಪ ಆ ಪಕ್ಕ. ಬ್ಯಾಗು ಮಧ್ಯಕ್ಕೆ ಮಡಗಿ.”

ನನ್ನ ಹೆಂಡತಿಗೆ ನಗು. ಎದುರಿಗೆ ಎಂದರೆ ಏನರ್ಥ ಎಂದು ಅವಳಿಗೆ ತಕ್ಷಣ ಹೊಳೆದಿತ್ತು. ತೆಪ್ಪ ದುಂಡಗಿನದು, ಅದಕ್ಕೆ ಮುಂದು ಹಿಂದು ಇಲ್ಲ. ಹುಟ್ಟು ಹಿಡಿದವನು ಒಂದು ಅಂಚಿನಲ್ಲಿ ಕೂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಅವನ ಭಾರಕ್ಕೆ ಸರಿಗಟ್ಟುವ ಭಾರ ಎದುರು ಅಂಚಿನಲ್ಲಿ ಇರಬೇಕು. ಆ ಬೆಳಿಗ್ಗೆ ಅದಕ್ಕೆ ಒದಗಿದವನು ನಾನು. ಅವನು ‘ಪಾಪ’ ಎಂದು ಕರೆದ ನಾದಿನಿಯ ಮಗಳು ಫೋಟೊಕ್ಕೆಂದು ಅರ್ಧ ಎದ್ದಳು, ತೆಪ್ಪ ಒಂದು ಬದಿಗೆ ಓಲಿತು, ಅಂಚಿನ ಬಿದಿರ ಹೆಣಿಗೆಗೂ ನೀರಿಗೂ ನಾಲ್ಕು ಬೆರಳು ಉಳಿಯಿತು. ತೆಪ್ಪದವನು ಬೈಯಲಿಲ್ಲ. ತಾನೇ ಅರೆ ಅಡಿ ಎಡಕ್ಕೆ ಜರುಗಿ ಕೂತ. ತೆಪ್ಪ ಮತ್ತೆ ತಟ್ಟೆಯಂತೆ ಸಮವಾಯಿತು.

ಈ ನದಿಯಲ್ಲಿ ಎಲ್ಲಕ್ಕೂ ಅಳತೆ ಉಂಟು. ಸ್ವಲ್ಪ ಮೇಲಕ್ಕೆ ಬಿಳಿಗುಂಡ್ಲು. ಎರಡು ರಾಜ್ಯಗಳ ಪತ್ರಿಕೆಗಳಲ್ಲಿ ಎಷ್ಟು ಕ್ಯೂಸೆಕ್ ಎಂದು ದಿನವೂ ಜಗಳವಾಗುವ ಹೆಸರು. ಅಲ್ಲಿ ಲೆಕ್ಕ ಏರಿದರೆ ಇಲ್ಲಿ ತೆಪ್ಪ ಬಂದ್. ತೆಪ್ಪದೊಳಗಿನ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ, ಹುಟ್ಟು ಹಿಡಿದವನ ಕಣ್ಣಲ್ಲಿದೆ.

ಅದೇ ದಿನ ಮಧ್ಯಾಹ್ನ ನಾವು ಸೇಲಂನಿಂದ ಬೆಂಗಳೂರಿಗೆ ವಿಮಾನ ಹತ್ತುವವರಿದ್ದೆವು.

ಪೆನ್ನಾಗರ ದಾಟಿ, ಧರ್ಮಪುರಿ ದಾಟಿ, ಕಾರು ದೊಡ್ಡ ಹೆದ್ದಾರಿಗೆ ಬಿತ್ತು. ಮುಂದೆ ತೊಪ್ಪೂರು ಘಾಟಿ. ಲಾರಿಯವರ ಬಾಯಲ್ಲಿ ಈ ಹೆಸರಿಗೆ ಒಂದು ಅಳುಕು ಅಂಟಿಕೊಂಡೇ ಬರುತ್ತದೆ. ಇಳಿಜಾರಿನುದ್ದಕ್ಕೂ ಬ್ರೇಕು ಕಾದ ಕಮಟು ವಾಸನೆ. ಉತ್ತರದಿಂದ ಬಂದ ಹದಿನಾಲ್ಕು ಚಕ್ರದ ಲಾರಿಗಳು ಕೆಳಗಿನ ಗೇರಿನಲ್ಲಿ ಗೊಣಗುತ್ತ, ಬಸುರಿಯರಂತೆ ಇಳಿಯುತ್ತವೆ. ನಮ್ಮ ಕಾರಿನ ಚಾಲಕ ಹಿಂದೆ ಲಾರಿ ಓಡಿಸಿದವನು. “ವೇ ಬ್ರಿಜ್ ಚೀಟಿ ಒಂದು ಹೇಳ್ತದೆ ಸಾರ್, ಸ್ಟೀರಿಂಗು ಇನ್ನೊಂದು ಹೇಳ್ತದೆ. ಚೀಟಿ ನಂಬಿದೋನು ಘಾಟೀಲಿ ದೇವರನ್ನ ನೆನೀತಾನೆ” ಎಂದ. ಸರಕು ಹಿಂದಕ್ಕೆ ಪೇರಿಸಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗು ತೇಲುತ್ತದಂತೆ. ಅವನು ‘ತೇಲುತ್ತದೆ’ ಎಂದ ರೀತಿ ನನಗೆ ಬೆಳಗಿನ ತೆಪ್ಪವನ್ನು ನೆನಪಿಸಿತು.

ಘಾಟಿ ಇಳಿದು ಓಮಲೂರಿಗೆ ಮೊದಲೇ, ಹೆದ್ದಾರಿಯ ಮಗ್ಗುಲಲ್ಲೇ ಕಮಲಾಪುರ. ಸೇಲಂ ವಿಮಾನ ನಿಲ್ದಾಣ ಎನ್ನುವುದು ಇಲ್ಲಿ. ಹಿಂದೆ ಶೆವರಾಯ್ ಬೆಟ್ಟದ ನೀಲಿ ಗೋಡೆ, ಅದರ ತಲೆಯ ಮೇಲೆ ಏರ್ಕಾಡು. ಸುತ್ತ ತೆಂಗು, ಮರಗೆಣಸು, ಮಾವಿನ ತೋಪು. ಈ ನಿಲ್ದಾಣದ ಕತೆ ಬಾಗಿಲು ತೆರೆದು ಮುಚ್ಚಿದ ಕತೆ. 1993ರಲ್ಲಿ ಎನ್‌ಇಪಿಸಿಯ ವಿಮಾನ ಬಂತು, ಹೋಯಿತು. 2009ರಲ್ಲಿ ಕಿಂಗ್‌ಫಿಷರ್ ಬಂತು, ಎರಡು ವರ್ಷಕ್ಕೆ ಅದೂ ನಿಂತಿತು. 2018ರ ಮಾರ್ಚಿನಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು, ಅದೂ ಉಳಿಯಲಿಲ್ಲ. 2023ರ ಅಕ್ಟೋಬರಿನಲ್ಲಿ ಅಲಯನ್ಸ್ ಏರ್, ಇಂಡಿಗೊ ಎರಡೂ ಬಂದವು. ಇಷ್ಟು ಬಾರಿ ಗಂಡು ತಪ್ಪಿದ ಮದುವೆಮನೆಗೆ ಈಗ ಬಂದಿರುವ ಬೀಗರ ಬಗ್ಗೆ ಊರಿಗೆ ಹಿಗ್ಗೂ ಇದೆ, ಅನುಮಾನವೂ ಇದೆ.

ಕೌಂಟರಿನ ಮುಂದೆ ಇಪ್ಪತ್ತು ಜನ. ನಮ್ಮ ಮಾವಿನ ಹಣ್ಣಿನ ಪೆಟ್ಟಿಗೆ ಬೆಲ್ಟಿನ ಮೇಲೆ ಹತ್ತಿತು. ಕೆಂಪು ಅಂಕಿ ಓಡಿ ಓಡಿ 17.4ಕ್ಕೆ ನಿಂತಿತು. ಒಬ್ಬರಿಗೆ 15 ಕಿಲೊ. “ಮೂರು ಜನರದ್ದು ಸೇರಿಸಿದ್ರೆ ಸರಿಹೋಗುತ್ತಲ್ಲಮ್ಮಾ” ಎಂದು ಹೆಂಡತಿ ರಾಗ ತೆಗೆದಳು. ಸರಿಹೋಯಿತು. ಮಲಗೋವಾ ಹಣ್ಣಿನ ವಾಸನೆ ಕೌಂಟರನ್ನು ದಾಟಿ ಒಳಕೋಣೆಗೂ ಹೋಗಿರಬೇಕು. ಒಳಗಿನಿಂದ ಒಬ್ಬ ಇಣುಕಿ ನೋಡಿದ.

ನಮ್ಮ ಹಿಂದೆ ಒಬ್ಬ ಹೆಂಗಸು ತಲೆದಿಂಬಿನಷ್ಟು ದೊಡ್ಡ ಚೀಲ ಇಟ್ಟರು. ಸಬ್ಬಕ್ಕಿ ಸಂಡಿಗೆ. ಸಬ್ಬಕ್ಕಿ ಎಂದರೆ ಸೇಲಂ ಎನ್ನುವಷ್ಟು ಈ ಊರಿಗೂ ಅದಕ್ಕೂ ನಂಟು. ಚೀಲ ತೂಗಿದ್ದು 3 ಕಿಲೊ. ಆಮೇಲೆ ಒಬ್ಬ ಹುಡುಗ, ಕೈಯಲ್ಲಿ ಟಿಫನ್ ಬ್ಯಾಗಿನ ಗಾತ್ರದ ಚೀಲ. ಕ್ಯಾಬಿನ್ ಬ್ಯಾಗ್ ಎಂದು ನಗುತ್ತ ದಾಟಿಸಲು ನೋಡಿದ. ಕೌಂಟರಿನ ಹುಡುಗಿ ಸೇಲಂ ನೀರು ಕುಡಿದವಳು. ತೂಕಕ್ಕಿಡಿ ಎಂದಳು. 11 ಕಿಲೊ. ಒಳಗೆ ಬೆಳ್ಳಿ ಕಾಲ್ಗೆಜ್ಜೆ. ಕೈಚೀಲಕ್ಕೆ 7 ಕಿಲೊ ಮಿತಿ. ಕಣ್ಣಿಗೆ ಕಾಣುವ ಗಾತ್ರವನ್ನು ನಂಬಬಾರದು ಎಂದು ಆ ಹುಡುಗಿಗೆ ಯಾವ ತರಬೇತಿ ಕೇಂದ್ರ ಕಲಿಸಿತೋ, ಊರಿನ ಶೆವ್ವಾಪೇಟೆಯ ಬೆಳ್ಳಿ ಅಂಗಡಿಗಳೇ ಕಲಿಸಿದವೋ.

ಪೆಟ್ಟಿಗೆಗಳನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಈ ಕೌಂಟರು ನನ್ನನ್ನು ತೂಗಲಿಲ್ಲ. ನಾನು ಮನೆಯ ತಕ್ಕಡಿಯ ಮೇಲೆ 91 ಕಿಲೊ. ವಿಮಾನದ ಲೆಕ್ಕದಲ್ಲಿ ಮಾತ್ರ ಕೈಚೀಲವೂ ಸೇರಿ 75. ನಮ್ಮ ದೇಶದ ಪದ್ಧತಿಯಲ್ಲಿ ದೊಡ್ಡವರೆಲ್ಲ 75, ಹನ್ನೆರಡರೊಳಗಿನ ಮಕ್ಕಳು 35, ಕೈಗೂಸು 10. ನನ್ನ ಹೆಚ್ಚುವರಿ ಹೊಟ್ಟೆಯನ್ನು ನನ್ನ ಹೆಂಡತಿಯ ಕಡಿಮೆ ತೂಕ ತುಂಬಿಕೊಡುತ್ತದೆ, ಜನ ಹೆಚ್ಚಿದ್ದಷ್ಟೂ ಸರಾಸರಿ ನಿಜಕ್ಕೆ ಹತ್ತಿರವಾಗುತ್ತದೆ ಎನ್ನುವುದು ಇದರ ಹಿಂದಿನ ನಂಬಿಕೆ. ಅಲ್ಲಲ್ಲಿ ಆ ನಂಬಿಕೆಯನ್ನು ಪರೀಕ್ಷಿಸುತ್ತಲೂ ಇರುತ್ತಾರೆ. 2023ರಲ್ಲಿ ಏರ್ ನ್ಯೂಜಿಲೆಂಡ್ ಆಕ್ಲೆಂಡಿನಲ್ಲಿ ಪ್ರಯಾಣಿಕರನ್ನೇ ತಕ್ಕಡಿಯ ಮೇಲೆ ನಿಲ್ಲಿಸಿ ಸರಾಸರಿ ತೆಗೆಯಿತು. ಅಂಕಿ ಯಾರಿಗೂ ಕಾಣದಂತೆ ಮಾಡಿದ್ದರಂತೆ. ನಮ್ಮಲ್ಲಾದರೆ ಅಂಕಿ ಕಾಣಿಸುವುದಿಲ್ಲ ಎನ್ನುವುದನ್ನೇ ಯಾರೂ ನಂಬುತ್ತಿರಲಿಲ್ಲ.

ಸರಾಸರಿ ತಪ್ಪುವುದಕ್ಕೆ ದೊಡ್ಡ ಕಾರಣವೇ ಬೇಕಿಲ್ಲ. 2020ರ ಜುಲೈನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಟಿಯುಐ ಕಂಪನಿಯ ವಿಮಾನದಲ್ಲಿ 38 ಹೆಂಗಸರು ಕಾಗದದ ಮೇಲೆ ಮಕ್ಕಳಾಗಿಬಿಟ್ಟಿದ್ದರು. ಕಂಪ್ಯೂಟರಿನ ಪ್ರೋಗ್ರಾಂ ಬರೆದ ದೇಶದಲ್ಲಿ ‘ಮಿಸ್’ ಎಂದರೆ ಚಿಕ್ಕ ಹುಡುಗಿ. ಬ್ರಿಟನ್ನಿನ ಹೆಂಗಸರು ಮದುವೆಯಾಗದಿದ್ದರೆ ಐವತ್ತಕ್ಕೂ ‘ಮಿಸ್’. ಹಾಗಾಗಿ ಒಬ್ಬೊಬ್ಬರಿಗೆ 69ರ ಬದಲು 35 ಕಿಲೊ ಬಿತ್ತು, ವಿಮಾನ ಕಾಗದಕ್ಕಿಂತ 1,200 ಕಿಲೊಗೂ ಮಿಕ್ಕಿ ಭಾರವಾಗಿ ಹಾರಿತು. ಏನೂ ಆಗಲಿಲ್ಲ. ಒಂದು ಗೌರವವಾಚಕ ಒಂದೂಕಾಲು ಟನ್ ಮುಚ್ಚಿಹಾಕಿತು ಎನ್ನುವುದಷ್ಟೇ ತನಿಖೆಯಲ್ಲಿ ಉಳಿಯಿತು. ನಮ್ಮ ‘ಕುಮಾರಿ’, ‘ಚಿರಂಜೀವಿ’ಗಳನ್ನು ಆ ಕಂಪ್ಯೂಟರಿಗೆ ಕೊಟ್ಟಿದ್ದರೆ ಏನಾಗುತ್ತಿತ್ತೋ.

ಈ ಲೆಕ್ಕವೆಲ್ಲ ಬಂದು ಸೇರುವ ಹಾಳೆಗೆ ಲೋಡ್ ಶೀಟ್ ಎನ್ನುತ್ತಾರೆ. ಹಿಂದೆ ಅದನ್ನು ನಿಲ್ದಾಣದಲ್ಲೇ ಒಬ್ಬ ಕೂತು, ಗೆರೆಗಳ ನಕ್ಷೆಯ ಮೇಲೆ ಪೆನ್ಸಿಲು ಎಳೆದು ತಯಾರಿಸುತ್ತಿದ್ದ. ಈಗ ಅನೇಕ ಕಂಪನಿಗಳಲ್ಲಿ ಎಲ್ಲೋ ದೂರದ ಊರಿನ ಒಂದು ಕೋಣೆ ಹತ್ತಾರು ನಿಲ್ದಾಣಗಳ ಹಾಳೆ ಮಾಡಿ ಕಳಿಸುತ್ತದೆ. ಯಾರು ಮಾಡಿದರೂ ಕೂಡುವ ಕ್ರಮ ಒಂದೇ. ಸೇಲಂಗೆ ಬರುವ ಎಟಿಆರ್ 72 ಎಂಬ ಎರಡು ಫ್ಯಾನಿನ ವಿಮಾನವನ್ನೇ ತಗೊಳ್ಳಿ. ಸಿಬ್ಬಂದಿ, ಸಾಮಾನು ಸೇರಿ ಖಾಲಿ ವಿಮಾನ ಸುಮಾರು 13,500 ಕಿಲೊ. 78 ಸೀಟು ತುಂಬಿದರೆ 5,850. ಎಲ್ಲರೂ 15 ಕಿಲೊ ಪೆಟ್ಟಿಗೆ ತಂದರೆ 1,170. ಇಂಧನ 2,000 ಎನ್ನಿ. ಒಟ್ಟು 22,520. ಈ ವಿಮಾನ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ 23,000. ಉಳಿದದ್ದು 480 ಕಿಲೊ. ನಮ್ಮ ಊರಿನ ಲೆಕ್ಕದಲ್ಲಿ ಒಂದು ಒಳ್ಳೆಯ ಮುರ್ರಾ ಎಮ್ಮೆ.

ಅದೂ ಹವೆ ಒಪ್ಪಿದರೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇ 4,000 ಮೀಟರ್. ಕಮಲಾಪುರದ್ದು ಅದರ ಅರ್ಧವೂ ಇಲ್ಲ, 1,800ರ ಆಸುಪಾಸು. ಮೇ ತಿಂಗಳ ನಡುಹಗಲು ಗಾಳಿ ಕಾದು ತೆಳ್ಳಗಾದಾಗ ರೆಕ್ಕೆಗೂ ಫ್ಯಾನಿಗೂ ಹಿಡಿದುಕೊಳ್ಳಲು ಗಾಳಿ ಸಾಲದು. ಆಗ ಆ ಎಮ್ಮೆಯೂ ಹತ್ತುವಂತಿಲ್ಲ. ಕೆಲವೊಮ್ಮೆ ಹತ್ತಿದ ಕುರಿಯನ್ನೂ ಇಳಿಸಬೇಕಾಗುತ್ತದೆ. ಹೀಗೆಯೇ ಒಂದು ಬೇಸಿಗೆಯಲ್ಲಿ, ಬೇರೊಂದು ಸಣ್ಣ ಊರಿನಿಂದ, ನಾನು ಬಂದು ಇಳಿದೆ, ನನ್ನ ಪೆಟ್ಟಿಗೆ ಬರಲಿಲ್ಲ. ಮರುದಿನ ಅದು ಮನೆಗೆ ಬರುವತನಕ ಆ ಕಂಪನಿಯನ್ನು ಬಾಯಿತುಂಬ ಬೈದೆ. ಪೆಟ್ಟಿಗೆ ಬಿಟ್ಟುಬಂದವನು ನನ್ನನ್ನು ಹೊತ್ತು ತಂದಿದ್ದ ಎನ್ನುವುದು ಆಗ ತಲೆಗೆ ಹೋಗಲಿಲ್ಲ. ಹೇಳದೆ ಬಿಟ್ಟುಬಂದ ಎನ್ನುವ ಸಿಟ್ಟು ಈಗಲೂ ಇದೆ.

ಎಷ್ಟು ಭಾರ ಎನ್ನುವುದು ಅರ್ಧ ಲೆಕ್ಕ. ಎಲ್ಲಿ ಭಾರ ಎನ್ನುವುದು ಇನ್ನರ್ಧ. ಇದನ್ನು ಯಾವ ಪೈಲಟ್ಟಿಗಿಂತಲೂ ಮೊದಲು ನನಗೆ ತೋರಿಸಿದವರು ನನ್ನ ತಾತ.

ಭತ್ತದ ಮೂಟೆ ಗಾಡಿಗೆ ಹೇರಿದ ಮೇಲೆ, ಎತ್ತು ಕಟ್ಟುವ ಮೊದಲು, ತಾತ ಮುಂದೆ ಬಂದು ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂಚಾಚಿದ ಮರವನ್ನು, ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಎತ್ತಲು ಬಾರದಷ್ಟು ಭಾರವಿದ್ದರೆ “ಮೂಕಿ ಭಾರ” ಎಂದು ಒಂದು ಮೂಟೆ ಹಿಂದಕ್ಕೆ. ಕೈ ಬಿಟ್ಟೊಡನೆ ಮೂಕಿ ಆಕಾಶ ನೋಡಿದರೆ “ಹಿಂಭಾರ, ಹಿಂಭಾರ” ಎಂದು ಒಂದು ಮೂಟೆ ಮುಂದಕ್ಕೆ. ಮೂಕಿ ಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿನ ಉಸಿರು ಕಟ್ಟುತ್ತದೆ. ಎರಡರಲ್ಲಿ ಹೆದರಬೇಕಾದದ್ದು ಯಾವುದಕ್ಕೆ ಎಂದು ಕೇಳಿದರೆ ತಾತ ಯೋಚಿಸದೆ ಹಿಂಭಾರ ಎನ್ನುತ್ತಿದ್ದರು. ಸರಿಯಾದ ಗಾಡಿ ತಕ್ಕಡಿಯಂತೆ ಪೂರ್ತಿ ಸಮ ಇರುವುದಿಲ್ಲ. ಒಂದಿಷ್ಟು, ಒಂದು ಮುಷ್ಟಿಯಷ್ಟು, ಮೂಕಿ ಭಾರ ಇರಬೇಕು. ಏರು ಬಂದಾಗ ನಮ್ಮನ್ನು ಮುಂದೆ ಮೂಕಿಯ ಹತ್ತಿರ ಕೂರಿಸುತ್ತಿದ್ದರು, ಇಳಿಜಾರಿನಲ್ಲಿ ಹಿಂದಕ್ಕೆ ಅಟ್ಟುತ್ತಿದ್ದರು. ನಾವು ಅದನ್ನು ಆಟ ಎಂದುಕೊಂಡಿದ್ದೆವು. ತಾತನ ಲೆಕ್ಕದಲ್ಲಿ ನಾವು ಜರುಗಿಸಬಹುದಾದ ಮೂಟೆ.

ವಿಮಾನಕ್ಕೂ ಆ ಮುಷ್ಟಿಯಷ್ಟು ಮೂಕಿ ಭಾರವೇ ಬೇಕು. ರೆಕ್ಕೆ ಅದರ ಅಚ್ಚು. ಭಾರದ ಕೇಂದ್ರ ಅಚ್ಚಿಗಿಂತ ಕೊಂಚ ಮುಂದಿದ್ದರೆ, ಬಾಲದ ಪುಟ್ಟ ರೆಕ್ಕೆ ಹಿಂದಿನಿಂದ ಅಮುಕಿ ಹಿಡಿದು ಮೂತಿಯನ್ನು ಸಮ ಇಡುತ್ತದೆ. ತೀರಾ ಮುಂದಾದರೆ ರನ್‌ವೇ ಮುಗಿಯುತ್ತ ಬಂದರೂ ಮೂತಿ ಏಳುವುದಿಲ್ಲ. ಹಿಂದಾದರೆ ಮೂತಿ ತಾನಾಗಿ ಏಳುತ್ತದೆ, ಏಳುತ್ತಲೇ ಹೋಗುತ್ತದೆ, ಪೈಲಟ್ ಎಷ್ಟು ಒತ್ತಿದರೂ ಇಳಿಯುವುದಿಲ್ಲ. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ 19 ಸೀಟಿನ ವಿಮಾನ ಹೀಗೆ ಮೂತಿ ಎತ್ತಿ ಬಿತ್ತು. ಒಳಗಿದ್ದ 21 ಜನರೂ ಸತ್ತರು. ರಿಪೇರಿಯಲ್ಲಿ ಬಾಲದ ತಂತಿಯನ್ನು ತಪ್ಪಾಗಿ ಬಿಗಿದಿದ್ದರು, ಮೂತಿ ಕೆಳಗೊತ್ತುವ ಶಕ್ತಿಯೇ ಅರ್ಧ ಹೋಗಿತ್ತು. ಅದರ ಮೇಲೆ ಹಿಂಭಾರ. ಕಾಗದದಲ್ಲಿ ಎಲ್ಲ ಮಿತಿಯೊಳಗಿತ್ತು. ಕಾಗದದ ಅಮೆರಿಕನ್ನರು ನಿಜದ ಅಮೆರಿಕನ್ನರಿಗಿಂತ ತೆಳ್ಳಗಿದ್ದರು. ಆಮೇಲೆ ಅಲ್ಲಿನ ಸರಾಸರಿಯನ್ನೇ ಏರಿಸಿದರು.

ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ನಡೆದು ಹೊರಟೆವು. ಸೇಲಂನಲ್ಲಿ ವಿಮಾನಕ್ಕೆ ನಡೆದೇ ಹೋಗಬಹುದು, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಹೋದ ಹಾಗೆ. ಎಟಿಆರ್‌ನ ಬಾಗಿಲು ಹಿಂದೆ, ಬಾಲದ ಹತ್ತಿರ. ಮುಂದೆ, ಪೈಲಟ್ಟರ ಬೆನ್ನಿಗೆ, ಸಾಮಾನಿನ ಕೋಣೆ. ಇಬ್ಬರು ಲೋಡರುಗಳು ಟ್ರಾಲಿಯಿಂದ ಅಲ್ಲಿಗೆ ಪೆಟ್ಟಿಗೆ ದಾಟಿಸುತ್ತಿದ್ದರು. ಒಬ್ಬನ ಕೈಗೆ ನಮ್ಮ ಹಣ್ಣಿನ ಪೆಟ್ಟಿಗೆ ಬಂದಾಗ ಅವನು ಮೂಸಿ, ಮತ್ತೊಬ್ಬನಿಗೆ ಏನೋ ಹೇಳಿ, ಉಳಿದವಕ್ಕಿಂತ ನಿಧಾನವಾಗಿ ಇಟ್ಟ.

ನನ್ನ ಕಣ್ಣು ಬಿದ್ದದ್ದು ಬಾಲದಡಿ. ವಿಮಾನದ ಹೊಟ್ಟೆ ಹಿಂದಕ್ಕೆ ಸಣ್ಣಗಾಗುವ ಜಾಗದಲ್ಲಿ, ನೆಲಕ್ಕೂ ಹೊಟ್ಟೆಗೂ ನಡುವೆ, ಒಂದು ಲೋಹದ ಊರುಗೋಲು. ತೋಳಿನ ದಪ್ಪ ಇರಬಹುದು. 23 ಟನ್ನಿನ ವಿಮಾನಕ್ಕೆ ಒಂದು ಕೋಲು! ಬಾಗಿಲು ಹಿಂದಿರುವುದರಿಂದ ಹತ್ತುವಾಗ ಜನವೆಲ್ಲ ಬಾಲದಲ್ಲಿ ಗುಂಪುಗೂಡುತ್ತಾರೆ. ಮುಂದಿನ ಸಾಮಾನು ಕೋಣೆ ಇನ್ನೂ ತುಂಬದಿದ್ದರೆ ಮೂತಿ ಗಾಳಿಗೆದ್ದು ಬಾಲ ನೆಲಕ್ಕೆ ಕೂರಬಹುದು. ಅದಕ್ಕೆ ಈ ಊರೆ. ನಮ್ಮ ಕೊಟ್ಟಿಗೆಯ ಮುಂದೆ ಎತ್ತು ಬಿಚ್ಚಿದ ಗಾಡಿಗೆ ತಾತ ಕೊಡುತ್ತಿದ್ದದ್ದೂ ಇಂಥದೇ ಕೋಲು. ಮೆಟ್ಟಿಲು ಹತ್ತುವವರ ಸಾಲಿನಲ್ಲಿ ನಿಂತು ನಾನು ಅದನ್ನೇ ನೋಡುತ್ತಿದ್ದೆ. ಒಬ್ಬೊಬ್ಬರು ಮೆಟ್ಟಿಲು ಮೆಟ್ಟಿದಾಗಲೂ ವಿಮಾನ ಮೈಯನ್ನು ಒಂದಿಷ್ಟೇ ಅಲುಗಿಸುತ್ತಿತ್ತು, ನೊಣ ಕೂತ ಹಸುವಿನ ಹಾಗೆ.

ಒಳಗೆ ಅರ್ಧಕ್ಕಿಂತ ಕೊಂಚ ಹೆಚ್ಚು ಸೀಟು ತುಂಬಿತ್ತು. ಬಾಗಿಲು ಮುಚ್ಚುವ ಮುನ್ನ ಗಗನಸಖಿ ಕೈಯಲ್ಲಿನ ಗುಂಡಿ ಟಿಕ್ ಟಿಕ್ ಎಂದು ಒತ್ತುತ್ತ ತಲೆ ಎಣಿಸಿದಳು. ಫೋನಿನಲ್ಲಿ ಮುಂದಿನವರೊಡನೆ ಮಾತಾಡಿದಳು. ಆಮೇಲೆ ಎರಡನೆಯ ಸಾಲಿಗೆ ಹೋಗಿ, ಬಿಳಿ ಪಂಚೆಯ ಹಿರಿಯರೊಬ್ಬರನ್ನೂ ಅವರ ಪಕ್ಕದವರನ್ನೂ ಹಿಂದಿನ ಸಾಲಿಗೆ ಬರುವಂತೆ ಕೇಳಿದಳು. ಪಂಚೆಯವರಿಗೆ ಮುಖ ಕೆಂಪಾಯಿತು. “ಯಾಕಮ್ಮಾ? ನಾನು ಮುಂದಿನ ಸೀಟಿಗೆ ಅಂತ ಜಾಸ್ತಿ ದುಡ್ಡು ಕೊಟ್ಟಿವ್ನಿ!” ತಮಿಳಿನಲ್ಲಿ ಶುರುವಾದ ಸಿಟ್ಟು ಕನ್ನಡದಲ್ಲಿ ಮುಗಿಯಿತು. ಹುಡುಗಿ ತಗ್ಗಿದ ದನಿಯಲ್ಲಿ “ಬ್ಯಾಲೆನ್ಸ್ ಸಾರ್” ಎಂದಳು. “ಬ್ಯಾಲೆನ್ಸ್ ಎಲ್ಲಾ ಕೊಟ್ಟೇ ಟಿಕೆಟ್ ತಗೊಂಡಿದ್ದು!” ಎಂದರು ಅವರು. ಸುತ್ತಲಿನವರು ನಕ್ಕರು. ಅವರೂ ನಕ್ಕು ಎದ್ದರು.

ಬಂದು ಕೂತದ್ದು ನನ್ನ ಪಕ್ಕದ ಸೀಟಿಗೆ. ಸೇಲಂನ ದೇವಾಂಗದವರು, ಸೀರೆ ವ್ಯಾಪಾರ. “ಮನೇಲಿ ಕನ್ನಡ, ಅಂಗಡೀಲಿ ತಮಿಳು. ಎಷ್ಟು ತಲೆಮಾರಾಯ್ತೋ ನಮ್ಗೇ ಗೊತ್ತಿಲ್ಲ ಬುಡಿ” ಎಂದರು. ಅವರ ಕನ್ನಡದಲ್ಲಿ ನಾವು ಬೆಂಗಳೂರಿನಲ್ಲಿ ಕಳೆದುಕೊಂಡ ಕೆಲವು ಮಾತುಗಳು ಇನ್ನೂ ಗಟ್ಟಿಯಾಗಿದ್ದವು. ಮುಂದೆ ಪೆಟ್ಟಿಗೆಗಳು ತುಂಬಿದ್ದರಿಂದ ನಿಮ್ಮನ್ನು ಹಿಂದಕ್ಕೆ ಹಾಕಿದ್ದಾರೆ, ಗಾಡಿಯ ಮೂಕಿ ಭಾರ ಇಳಿಸಿದ ಹಾಗೆ ಎಂದೆ. ಅವರು ತಕ್ಷಣ “ಓಹೋ, ಮೂಟೆ ಜರುಗಿಸವ್ರೆ!” ಎಂದರು. ನನಗೆ ಅರ್ಧ ಪುಟ ಬೇಕಾದದ್ದು ಅವರಿಗೆ ಎರಡು ಪದದಲ್ಲಿ ಆಯಿತು.

ಮುಂದಿನ ಕೋಣೆಯಲ್ಲಿ ಆ ಹೊತ್ತಿಗೆ ಪೈಲಟ್ಟರು ಲೋಡ್ ಶೀಟಿನ ಅಂಕಿಗಳನ್ನು ತಮ್ಮ ಯಂತ್ರಕ್ಕೆ ಊಡುತ್ತಿದ್ದಿರಬೇಕು. ಅಲ್ಲಿ ಬೆರಳು ಜಾರಬಾರದು. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್‌ನ ದೊಡ್ಡ ವಿಮಾನಕ್ಕೆ 362 ಟನ್ನಿನ ಬದಲು 262 ಎಂದು ಬಿದ್ದಿತ್ತು. ಮೂರರ ಜಾಗದಲ್ಲಿ ಎರಡು. 100 ಟನ್ ಕಡಿಮೆ ಇದೆ ಎಂದು ನಂಬಿದ ಯಂತ್ರ ಅಷ್ಟಕ್ಕೇ ಸಾಕಾಗುವ ಶಕ್ತಿ ಕೊಟ್ಟಿತು. ಬಾಲ ರನ್‌ವೇಯನ್ನು ಉಜ್ಜಿತು, ವಿಮಾನ ರನ್‌ವೇಯ ತುದಿ ದಾಟಿ ಹೇಗೋ ಎದ್ದು, ಸುತ್ತಿ ಬಂದು ಇಳಿಯಿತು. ಜನ ಉಳಿದರು. ಆಮೇಲೆ ಆ ಅಂಕಿಯನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು ಎನ್ನುವ ನೇಮಕ್ಕೆ ಇನ್ನಷ್ಟು ಬಿಗಿ ಬಂತು. ಇದನ್ನು ನಾನು ಪಕ್ಕದವರಿಗೆ ಹೇಳಲಿಲ್ಲ. ಹೊರಡುವ ಹೊತ್ತಿಗೆ ಹೇಳುವ ಕತೆಯಲ್ಲ.

ಕಿಟಕಿಯಲ್ಲಿ ಊರುಗೋಲು ಹೊತ್ತ ಹುಡುಗ ದೂರ ನಡೆದದ್ದು ಕಂಡಿತು. ಫ್ಯಾನುಗಳು ಮಂಜಾದವು. ರನ್‌ವೇ ಓಡಿತು, ಮುಕ್ಕಾಲು ದಾಟುವ ಮೊದಲೇ ಮೂತಿ, ಒತ್ತಾಯವಿಲ್ಲದೆ, ಎದ್ದಿತು. ಶೆವರಾಯ್ ಬೆಟ್ಟ ಒಂದು ಮಗ್ಗುಲಿಗೆ ವಾಲಿತು. ಇನ್ನೊಂದು ಮಗ್ಗುಲಲ್ಲಿ, ಬಿಸಿಲ ಧೂಳಿನಾಚೆ, ಮೆಟ್ಟೂರಿನ ನೀರು ತಗಡಿನಂತೆ ಹೊಳೆಯಿತು. ಬೆಳಿಗ್ಗೆ ನಮ್ಮನ್ನು ಹೊತ್ತ ನೀರು ಅದರಲ್ಲೂ ಒಂದಿಷ್ಟು ಇದ್ದೀತು. ನಾದಿನಿಯ ಮಗಳು ಫೋಟೊಕ್ಕೆಂದು ಏಳಹೊರಟಳು. ಬೆಲ್ಟು ಹಿಡಿದು ಕೂರಿಸಿತು.

ದೇವನಹಳ್ಳಿಯಲ್ಲಿ ವಿಮಾನ ನಿಂತು ಫ್ಯಾನು ತಣ್ಣಗಾಗುವಷ್ಟರಲ್ಲಿ ಜನವೆಲ್ಲ ಎದ್ದು ಹಿಂದಕ್ಕೆ ನುಗ್ಗಿದರು. ಬಾಗಿಲು ತೆರೆಯಲಿಲ್ಲ. ಕೆಳಗೆ ಒಬ್ಬ ಕೋಲು ಹಿಡಿದು ಬಾಲದ ಕಡೆ ಬಗ್ಗಿದ್ದು ಕಿಟಕಿಯಲ್ಲಿ ಕಂಡಿತು. ಅವನು ಎದ್ದು ಹೆಬ್ಬೆರಳು ಎತ್ತಿದ ಮೇಲೆ ಮೆಟ್ಟಿಲು ಇಳಿಯಿತು. ಎರಡನೆಯ ಸಾಲಿನಲ್ಲೇ ಉಳಿದಿದ್ದ ಕೋಟಿನವರು ಇಡೀ ವಿಮಾನ ಖಾಲಿಯಾಗಲಿ ಎಂದು ಕಾಯುತ್ತ ನಿಂತಿದ್ದರು. ನಮ್ಮ ಪಂಚೆಯವರು ಮೊದಲ ಮೆಟ್ಟಿಲ ಮೇಲೆ ನಿಂತು, ತಿರುಗಿ ನೋಡಿ, ನನಗೆ ಕಣ್ಣು ಹೊಡೆದರು.

“ಮುಂದ್ಗಡೆ ಸೀಟಿಗೆ ದುಡ್ಡು ಕೊಟ್ಟೆ, ಹಿಂದೆ ಕೂತೆ, ಎಲ್ಲಾರ್ಗಿಂತ ಮುಂಚೆ ಇಳ್ದೆ. ಯಾರ್ಗೆ ಸ್ವಾಮಿ ಲುಕ್ಸಾನು?”